ಸಿಲಿಂಡರ್ ಬೇಡದ ಶುಂಠಿ ಸೋಡಾ

ಕೇಳುಗರಿಗೆ ನಮಸ್ಕಾರ.

ಗೋಲಿ ಸೋಡಾ ಆಗಲಿ, ಅಂಗಡಿಯಲ್ಲಿ ಸಿಗುವ ಬಾಟಲಿ ಸೋಡಾ ಆಗಲಿ, ಅದರೊಳಗಿನ ಗ್ಯಾಸು ಸಿಲಿಂಡರಿನಿಂದ ತುಂಬಿದ್ದು. ಇವತ್ತು ಹೇಳುವ ಶುಂಠಿ ಸೋಡಾಕ್ಕೆ ಸಿಲಿಂಡರೂ ಬೇಡ, ಯೀಸ್ಟಿನ ಪೊಟ್ಟಣವೂ ಬೇಡ. ಹಸಿಶುಂಠಿಯ ಸಿಪ್ಪೆಯ ಮೇಲೆ ಯೀಸ್ಟೂ ಇರುತ್ತದೆ, ಹುಳಿ ಬರಿಸುವ ಬ್ಯಾಕ್ಟೀರಿಯಾವೂ ಇರುತ್ತದೆ. ಸಕ್ಕರೆ ಕೊಟ್ಟರೆ ಅವು ತಿಂದು ಗ್ಯಾಸು ಬಿಡುತ್ತವೆ.

ಕೊಡಗಿನಲ್ಲಿ ಮನೆಯಲ್ಲೇ ವೈನ್ ಮಾಡಿ ಅಭ್ಯಾಸ ಇರುವವರಿಗೆ ಹುದುಗಿಸುವ ಕೆಲಸ ಹೊಸದಲ್ಲ. ಆದರೂ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ವೈನಿನ ಭರಣಿಯಿಂದ ಗ್ಯಾಸು ಹೊರಗೆ ಹೋಗಲು ದಾರಿ ಬಿಡುತ್ತೇವೆ. ಸೋಡಾದಲ್ಲಿ ಅದನ್ನೇ ಬಾಟಲಿಯಲ್ಲಿ ಕೂಡಿಹಾಕುತ್ತೇವೆ. ವೈನನ್ನು ಮರೆತು ನಾಲ್ಕು ದಿನ ಹೆಚ್ಚಿಗೆ ಇಟ್ಟರೆ ನಡೆಯುತ್ತದೆ. ಸೋಡಾ ಮರೆತರೆ ಬಾಟಲಿ ಒಡೆಯುತ್ತದೆ.

ಮೊದಲು ಬೇಕಾದದ್ದು ಹೆಪ್ಪು. ಹಾಲಿಗೆ ಮೊಸರಿನ ಹೆಪ್ಪು ಹಾಕುವಂತೆ ಇದಕ್ಕೂ ಶುಂಠಿಯದೇ ಹೆಪ್ಪು. ಅಗಲ ಬಾಯಿಯ ಗಾಜಿನ ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು ಆರಿಸಿ, ಕುದಿಸಿ ಆರಿಸಿದ ನೀರು ಅರ್ಧ ಲೀಟರ್ ಹಾಕಿ. ಎರಡು ದೊಡ್ಡ ಚಮಚ ಶುಂಠಿಯನ್ನು ಸಿಪ್ಪೆ ಸಮೇತ ಸಣ್ಣಗೆ ಕೊಚ್ಚಿ ಸೇರಿಸಿ, ಎರಡು ದೊಡ್ಡ ಚಮಚ ಸಕ್ಕರೆ ಹಾಕಿ ಕಲಕಿ. ಬಾಯಿಗೆ ತೆಳುಬಟ್ಟೆ ಕಟ್ಟಿ. ಬಟ್ಟೆ ಸಡಿಲವಾಗಿದ್ದರೆ ಹಣ್ಣಿನ ನೊಣ ನುಗ್ಗುತ್ತದೆ. ಆಮೇಲೆ ದಿನಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಹಾಕಬೇಕು, ದಿನಕ್ಕೆ ಎರಡು ಸಲ ಕಲಕಬೇಕು. ಐದರಿಂದ ಏಳು ದಿನದೊಳಗೆ ಕಲಕಿದ ಕೂಡಲೇ ಬುಸ್ಸೆಂದು ನೊರೆ ಎದ್ದು, ಶುಂಠಿ ಚೂರುಗಳು ಮೇಲೆ ತೇಲಿ, ಹುಳಿ ಬೆರೆತ ಘಮ ಬಂದರೆ ಹೆಪ್ಪು ಸಿದ್ಧ.

ಏಳು ದಿನವಾದರೂ ನೊರೆ ಬರಲಿಲ್ಲ ಅಂದರೆ ಹೆಚ್ಚಾಗಿ ಮೂರರಲ್ಲಿ ಒಂದು ಕಾರಣ.

ಮೊದಲನೆಯದು ಚಳಿ. ಯೀಸ್ಟಿಗೆ ಹಿತವಾದದ್ದು 24ರಿಂದ 28 ಡಿಗ್ರಿ. ಕಕ್ಕಡ ತಿಂಗಳಿನ, ಅಂದರೆ ಜುಲೈ ಆಗಸ್ಟಿನ, ಮಳೆಯಲ್ಲಿ ಮಡಿಕೇರಿ ಕಡೆಯ ಅಡುಗೆಮನೆಯಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಹತ್ತು ಹನ್ನೆರಡು ದಿನ ಹಿಡಿದರೂ ಆಶ್ಚರ್ಯವಿಲ್ಲ. ಸೌದೆ ಒಲೆ ಇರುವ ಮನೆಯಲ್ಲಿ ಒಲೆಯಿಂದ ಒಂದು ಮಾರು ದೂರದಲ್ಲಿ, ಇಲ್ಲದಿದ್ದರೆ ಫ್ರಿಜ್ಜಿನ ಹಿಂದೆ ಬೆಚ್ಚಗಿರುವ ಕಡೆ ಜಾಡಿ ಇಡಿ. ಮುಟ್ಟಿದರೆ ಜಾಡಿ ಬಿಸಿ ಅನಿಸಬಾರದು. 40 ಡಿಗ್ರಿ ದಾಟಿದರೆ ಯೀಸ್ಟು ಸೊರಗುತ್ತದೆ.

ಎರಡನೆಯದು ನೀರು. ಪಟ್ಟಣದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಇರುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು, ನಮ್ಮ ಯೀಸ್ಟನ್ನು ಬೇರೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಹತ್ತು ಹದಿನೈದು ನಿಮಿಷ ಮುಚ್ಚಳ ತೆಗೆದು ಕುದಿಸಿದರೆ ಹೊರಟುಹೋಗುತ್ತದೆ. ಬಾವಿ ನೀರಿನಲ್ಲಿ ಕ್ಲೋರಿನ್ ಕಾಟವಿಲ್ಲ, ಆದರೆ ಮಳೆಗಾಲದಲ್ಲಿ ಅದನ್ನೂ ಕುದಿಸಿಯೇ ಬಳಸಬೇಕು.

ಮೂರನೆಯದು ಶುಂಠಿಯೇ. ಶುಂಠಿ ಬೆಳೆಗಾರರ ಮನೆಯಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಕೊಳೆರೋಗಕ್ಕೆ ಹೆದರಿ ಬಿತ್ತನೆ ಶುಂಠಿಯನ್ನು ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿ ಇಡುತ್ತಾರೆ. ಬಿತ್ತಿ ಉಳಿದದ್ದು ಮೂಲೆಯಲ್ಲಿ ಬಿದ್ದಿದೆ ಎಂದು ಅದನ್ನು ತಂದು ಹೆಪ್ಪಿಗೆ ಹಾಕಬೇಡಿ. ಯೀಸ್ಟು ಏಳುವುದಿಲ್ಲ ಎನ್ನುವುದು ಚಿಕ್ಕ ವಿಷಯ, ಅದು ಅಡುಗೆಗೇ ಬಾರದ ಶುಂಠಿ. ಮನೆಬಳಕೆಗೆ ಬೆಳೆದದ್ದು ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು. ಮಣ್ಣು ಹೋಗುವಷ್ಟು ತೊಳೆಯಿರಿ, ಸಿಪ್ಪೆ ಹೋಗುವಷ್ಟು ಉಜ್ಜಬೇಡಿ.

ಜಾಡಿಯ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ಅದನ್ನು ತೆಗೆದುಹಾಕಿ ಮುಂದುವರಿಯಬಹುದು. ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದ ಬೂಷ್ಟು ಬಂದರೆ ಮೇಲಿನದನ್ನು ಮಾತ್ರ ತೆಗೆದರೆ ಸಾಲದು, ಪೂರ್ತಿ ಚೆಲ್ಲಬೇಕು. ಕೆಲವೊಮ್ಮೆ ಹೆಪ್ಪು ಗಂಜಿಯ ಹಾಗೆ ಲೋಳೆಯಾಗುತ್ತದೆ. ಸಕ್ಕರೆಯನ್ನು ಅಂಟಾಗಿಸುವ ಬ್ಯಾಕ್ಟೀರಿಯಾ ಮೇಲುಗೈ ಪಡೆದಾಗ ಹೀಗಾಗುವುದು. ಎರಡು ಮೂರು ದಿನ ಕಾದರೆ ಒಮ್ಮೊಮ್ಮೆ ತಿಳಿಯಾಗುತ್ತದೆ. ಆಗದಿದ್ದರೆ ಹೊಸದಾಗಿ ಶುರು ಮಾಡುವುದೇ ವಾಸಿ.

ಇನ್ನು ಸೋಡಾ. ಎರಡು ಲೀಟರಿಗೆ ಅಳತೆ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ನೀರು 1,700 ಮಿಲಿಲೀಟರ್. ಶುಂಠಿ 100 ಗ್ರಾಂ. ಸಕ್ಕರೆ 150 ಗ್ರಾಂ. ಎರಡು ನಿಂಬೆಹಣ್ಣು. ಚಿಟಿಕೆ ಉಪ್ಪು. ಸೋಸಿದ ಹೆಪ್ಪಿನ ನೀರು 100 ಮಿಲಿಲೀಟರ್.

ಅರ್ಧ ಲೀಟರ್ ನೀರಿಗೆ ಜಜ್ಜಿದ ಶುಂಠಿ, ಸಕ್ಕರೆ, ಉಪ್ಪು ಹಾಕಿ ಹತ್ತು ನಿಮಿಷ ಸಣ್ಣಗೆ ಕುದಿಸಿ. ಜಾಸ್ತಿ ಕುದಿಸಿದಷ್ಟೂ ಹಸಿಶುಂಠಿಯ ಚುರುಕು ಇಳಿಯುತ್ತದೆ. ಗಂಟಲಿಗೆ ಹತ್ತುವ ಖಾರ ಬೇಕೆನ್ನುವವರು ಕಾಲು ಭಾಗ ಶುಂಠಿಯನ್ನು ಕುದಿಸದೆ ತುರಿದು, ರಸ ಹಿಂಡಿ ಕೊನೆಗೆ ಸೇರಿಸಲಿ. ಮಳೆಗಾಲದಲ್ಲಿ ಬರುವ ಎಳೆ ಶುಂಠಿಗೆ ಖಾರ ಕಡಿಮೆ, ಅದಕ್ಕೆ 150 ಗ್ರಾಂ ಬೇಕಾದೀತು. ಡಿಸೆಂಬರಿನ ನಂತರ ಕೀಳುವ ಬಲಿತ ಶುಂಠಿಗೆ 100 ಧಾರಾಳ. ಕುದಿಸಿದ್ದನ್ನು ಬಟ್ಟೆಯಲ್ಲಿ ಸೋಸಿ. ಚೂರು ಉಳಿದರೆ ಮುಚ್ಚಳ ತೆಗೆದಾಗ ಆ ಚೂರುಗಳ ಸುತ್ತಲೇ ಗುಳ್ಳೆ ಎದ್ದು ಅರ್ಧ ಸೋಡಾ ನೆಲಕ್ಕೆ ಹೋಗುತ್ತದೆ. ಉಳಿದ ತಣ್ಣೀರು ಬೆರೆಸಿ, ಪೂರ್ತಿ ತಣಿದ ಮೇಲೆ ನಿಂಬೆರಸ ಮತ್ತು ಹೆಪ್ಪು ಹಾಕಿ. ಬಿಸಿ ಇರುವಾಗ ಹೆಪ್ಪು ಹಾಕುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ನಿಂಬೆಯನ್ನು ಬಿಡಬೇಡಿ, ಆ ಹುಳಿ ಬೇಡದ ಸೂಕ್ಷ್ಮಜೀವಿಗಳನ್ನು ದೂರ ಇಡುತ್ತದೆ. ನಿಂಬೆ ಇಲ್ಲದಿದ್ದರೆ ಕಾಚಂಪುಳಿಯನ್ನು, ಅಂದರೆ ಕೊಡಗಿನ ಕಪ್ಪು ಹುಳಿರಸವನ್ನು, ಲೀಟರಿಗೆ ಕಾಲು ಚಮಚ ಹಾಕಬಹುದು. ಬಣ್ಣ ಕಂದಾಗುತ್ತದೆ, ರುಚಿ ಮಾತ್ರ ಬೇರೆಯೇ.

ಸಕ್ಕರೆಯ ಲೆಕ್ಕ ಸ್ವಲ್ಪ ಕೇಳಿ. ಒಂದು ಲೀಟರ್ ಸೋಡಾಕ್ಕೆ ಚೆನ್ನಾಗಿ ಗ್ಯಾಸು ಬರಲು ಯೀಸ್ಟು ಸುಮಾರು 12 ಗ್ರಾಂ ಸಕ್ಕರೆ ತಿಂದರೆ ಸಾಕು. ನಾವು ಹಾಕಿದ್ದು ಲೀಟರಿಗೆ 75 ಗ್ರಾಂ. ಉಳಿದದ್ದು ಸಿಹಿಗಾಗಿ. ಆದರೆ ಯೀಸ್ಟು ತಾನಾಗಿ ನಿಲ್ಲಿಸುವುದಿಲ್ಲ. ಹೊರಗೇ ಬಿಟ್ಟರೆ ಪೂರ್ತಿ ತಿನ್ನಲು ಹೊರಡುತ್ತದೆ, ಬೇಕಾದುದರ ಆರು ಪಟ್ಟು ಗ್ಯಾಸು ಹುಟ್ಟುತ್ತದೆ. ಅಷ್ಟನ್ನು ತಡೆಯುವ ಬಾಟಲಿ ಅಡುಗೆಮನೆಯಲ್ಲಿ ಇಲ್ಲ.

ಬಾಟಲಿ ಆರಿಸುವಾಗ ಜಿಪುಣತನ ಬೇಡ, ಶೋಕಿಯೂ ಬೇಡ. ತಂಪು ಪಾನೀಯ ಬರುವ ಪ್ಲಾಸ್ಟಿಕ್ ಬಾಟಲಿಯ ಬುಡ ನೋಡಿ, ಐದು ಕಾಲಿನ ಹಾಗೆ ಉಬ್ಬಿರುತ್ತದೆ. ಒತ್ತಡ ತಡೆಯಲೆಂದೇ ಆ ಆಕಾರ. ಕುಡಿಯುವ ನೀರಿನ ತೆಳು ಬಾಟಲಿ ಆಗದು. ಜೇನಿನ ಬಾಟಲಿ, ಚೌಕದ ಗಾಜಿನ ಬಾಟಲಿ ಬೇಡವೇ ಬೇಡ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಖಾಲಿ ರಮ್ ಬಾಟಲಿಗಳಿಗೆ ಬರವಿಲ್ಲ, ಗಾಜೂ ದಪ್ಪ. ಆದರೂ ಅವು ಒತ್ತಡಕ್ಕೆ ಮಾಡಿದವಲ್ಲ, ಸಿಡಿದರೆ ಗಾಜಿನ ಚೂರು ಕಣ್ಣಿಗೆ. ಪ್ಲಾಸ್ಟಿಕ್ ಬಾಟಲಿಯ ಇನ್ನೊಂದು ಅನುಕೂಲವೆಂದರೆ ಒಳಗೆ ಗ್ಯಾಸು ಎಷ್ಟಾಯಿತೆಂದು ಹಿಸುಕಿ ನೋಡಬಹುದು. ಕುದಿನೀರಿನಲ್ಲಿ ಮಾತ್ರ ತೊಳೆಯಬೇಡಿ, ಮುದುಡಿಕೊಳ್ಳುತ್ತದೆ.

ಬಾಟಲಿಯ ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟು ತುಂಬಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಬೆಳಕಿಲ್ಲದ ಕಡೆ ಇಡಿ. ಬೆಳಿಗ್ಗೆ ಸಂಜೆ ಹಿಸುಕಿ ನೋಡಿ. ಅಂಗಡಿಯಿಂದ ತಂದ, ಮುಚ್ಚಳ ತೆಗೆಯದ ಬಾಟಲಿಯಷ್ಟೇ ಗಟ್ಟಿಯಾದರೆ ಆಯಿತು. ಬೇಸಿಗೆಯಲ್ಲಿ ಕುಶಾಲನಗರದ ಕಡೆ ಒಂದೇ ದಿನಕ್ಕೆ ಆಗಬಹುದು, ಮಡಿಕೇರಿಯ ಮಳೆಯಲ್ಲಿ ನಾಲ್ಕು ದಿನವಾದರೂ ಆಗದಿರಬಹುದು. ದಿನ ಎಣಿಸಬೇಡಿ, ಕೈಯನ್ನು ನಂಬಿ. ನಾಲ್ಕು ದಿನವಾದರೂ ಬಾಟಲಿ ಮೆತ್ತಗೇ ಇದ್ದರೆ ಮುಚ್ಚಳ ಸೋರುತ್ತಿದೆಯೇ ಎಂದು ನೀರಿನಲ್ಲಿ ತಲೆಕೆಳಗಾಗಿ ಮುಳುಗಿಸಿ ನೋಡಿ.

ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ಚಳಿಯಲ್ಲಿ ಯೀಸ್ಟು ಸಾಯುವುದಿಲ್ಲ, ಮಂಕಾಗುತ್ತದೆ ಅಷ್ಟೆ. ಮರ ಬಿದ್ದು ತಂತಿ ಹರಿದು ಎರಡು ಮೂರು ದಿನ ಕರೆಂಟಿಲ್ಲದಿರುವುದು ನಮ್ಮಲ್ಲಿ ಮಳೆಗಾಲದ ಮಾಮೂಲಿ. ಫ್ರಿಜ್ಜು ನಿಂತರೆ ಒಳಗಿನ ಸೋಡಾ ಮತ್ತೆ ಹುದುಗಲು ತೊಡಗುತ್ತದೆ. ಕರೆಂಟು ಹೋಗಿ ಅರ್ಧ ದಿನ ಕಳೆದರೆ ಬಾಟಲಿಗಳನ್ನು ಸಿಂಕಿನಲ್ಲಿಟ್ಟು ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿ, ಬುಸ್ಸೆನ್ನುವುದು ನಿಂತ ಮೇಲೆ ಮತ್ತೆ ಬಿಗಿ ಮಾಡಿ. ದಿನಕ್ಕೆರಡು ಸಲ ಹೀಗೆ ಮಾಡಬೇಕು. ಇಲ್ಲವೇ ಎಲ್ಲರೂ ಕೂತು ಕುಡಿದು ಮುಗಿಸಿ.

ಕುಡಿಯುವ ಮೊದಲು ಒಂದು ರಾತ್ರಿಯಾದರೂ ತಣ್ಣಗಿರಬೇಕು. ತಂಪಿನಲ್ಲಿ ಗ್ಯಾಸು ನೀರಿನಲ್ಲಿ ಕರಗಿ ಉಳಿಯುತ್ತದೆ. ತಳದ ಬಿಳಿ ಗಷ್ಟು ಶುಂಠಿಯ ಪಿಷ್ಟ ಮತ್ತು ಯೀಸ್ಟು, ಅದರಿಂದ ತೊಂದರೆಯಿಲ್ಲ. ಹತ್ತು ದಿನದೊಳಗೆ ಮುಗಿಸುವುದು ಲೇಸು, ಆಮೇಲೆ ಸಿಹಿ ಇಳಿದು ಹುಳಿ ಏರುತ್ತದೆ.

ಯೀಸ್ಟು ಗ್ಯಾಸಿನ ಜೊತೆಗೆ ಮದ್ಯಸಾರವನ್ನೂ ಹುಟ್ಟಿಸುತ್ತದೆ. ಮೇಲೆ ಹೇಳಿದ ಹಾಗೆ ನಿಲ್ಲಿಸಿದರೆ ಅದು ಶೇಕಡಾ ಒಂದರೊಳಗೆ ಇರುತ್ತದೆ, ತಡವಾದಷ್ಟೂ ಏರುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಮದ್ಯ ಮುಟ್ಟದವರಿಗೆ ಕೊಡಬೇಡಿ. ಸಕ್ಕರೆ ಕಾಯಿಲೆ ಇರುವವರಿಗೂ ಇದು ಹೇಳಿದ್ದಲ್ಲ, ಲೀಟರಿಗೆ 60 ಗ್ರಾಂ ಸಕ್ಕರೆ ಇನ್ನೂ ಉಳಿದೇ ಇರುತ್ತದೆ.

ಹೆಪ್ಪಿನಿಂದ ತೆಗೆದ 100 ಮಿಲಿಲೀಟರಿನ ಜಾಗಕ್ಕೆ ಅಷ್ಟೇ ಆರಿದ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಶುಂಠಿ ಹಾಕಿ. ಜಾಡಿ ತುಂಬಿಕೊಂಡರೆ ಹಳೆಯ ಚೂರುಗಳನ್ನು ಅರ್ಧ ತೆಗೆದು ಗಿಡದ ಬುಡಕ್ಕೆ ಸುರಿಯಿರಿ. ತಕ್ಷಣ ಮಾಡುವುದಿಲ್ಲವೆಂದರೆ ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಕೊಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಸೋಡಾ ಮಾಡುವ ಹಿಂದಿನ ದಿನ ಹೊರಗಿಟ್ಟು ಶುಂಠಿ ಸಕ್ಕರೆ ಕೊಡಿ, ನೊರೆ ಎದ್ದ ಮೇಲೆ ಬಳಸಿ.

ನಮಸ್ಕಾರ.