ಹಬ್ಬದ ಎಲೆ, ಹಬ್ಬದ ಡಬ್ಬ

ಎಲ್ಲರಿಗೂ ನಮಸ್ಕಾರ. ಗೌರಿ-ಗಣೇಶ ಹತ್ತಿರ ಬಂತು. ಇಂಥ ಹೊತ್ತಲ್ಲಿ ತೂಕದ ಬಗ್ಗೆ ಮಾತಾಡೋಕೆ ಡಯಟಿಷಿಯನ್ ಬರುತ್ತಾರೆ ಅಂದರೆ, ಒಬ್ಬಟ್ಟು ತಿನ್ನಬೇಡಿ ಅಂತ ಹೇಳಿ ಹೋಗುತ್ತಾರೆ ಅಂತ ನಿಮ್ಮಲ್ಲಿ ಅರ್ಧ ಜನ ಅಂದುಕೊಂಡಿರುತ್ತೀರಿ. ನಾನು ಹಾಗೆ ಹೇಳುವುದಿಲ್ಲ. ಹಬ್ಬದ ದಿನ ಎಲೆ ಮುಂದೆ ಕೂತಾಗ ಒಬ್ಬಟ್ಟು ತಿನ್ನಿ, ತುಪ್ಪ ಹಾಕಿಕೊಂಡೇ ತಿನ್ನಿ. ನಮ್ಮ ತೂಕ ಏರೋದು ಜಾಸ್ತಿ ಆ ಎಲೆಯಿಂದ ಅಲ್ಲ. ಹಬ್ಬ ಆದ ಮೇಲೆ ಎರಡು ವಾರ ಅಡುಗೆಮನೆ ಕಟ್ಟೆ ಮೇಲೆ ಇರುತ್ತದಲ್ಲ, ಆ ಡಬ್ಬದಿಂದ.

ಸ್ವಲ್ಪ ಲೆಕ್ಕ ಹಾಕೋಣ. ಮೈಗೆ ಒಂದು ಕೇಜಿ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಾಗಿ ಒಳಗೆ ಹೋಗಬೇಕು. ಹಬ್ಬದ ದಿನ ಗಡದ್ದಾಗಿ ಉಂಡರೆ ಮಾಮೂಲಿಗಿಂತ ಒಂದು ಸಾವಿರ, ಒಂದೂವರೆ ಸಾವಿರ ಕ್ಯಾಲೊರಿ ಜಾಸ್ತಿ ಆಗಬಹುದು. ಕೊಬ್ಬಿನ ಲೆಕ್ಕದಲ್ಲಿ ಅದು 200 ಗ್ರಾಂ ಕೂಡ ಇಲ್ಲ. ಮಾರನೇ ದಿನ ತೂಕದ ಮಷೀನು ಒಂದೂವರೆ ಕೇಜಿ ಜಾಸ್ತಿ ತೋರಿಸಿದರೆ ಗಾಬರಿಯಾಗಬೇಡಿ. ಅದರಲ್ಲಿ ಬಹುಪಾಲು ಉಪ್ಪು ಹಿಡಿದಿಟ್ಟ ನೀರು, ಇನ್ನೂ ಹೊಟ್ಟೆಯಲ್ಲೇ ಇರುವ ಊಟ. ಕೆಲವೇ ದಿನದಲ್ಲಿ ಇಳಿಯುತ್ತದೆ.

ಈಗ ಡಬ್ಬದ ಲೆಕ್ಕ. ವರಮಹಾಲಕ್ಷ್ಮಿಯಿಂದ ದೀಪಾವಳಿಗೆ ಹತ್ತಿರ ಹತ್ತಿರ 75 ದಿನ. ಕೃಷ್ಣಾಷ್ಟಮಿಯ ಚಕ್ಕುಲಿ, ಕೋಡುಬಳೆ ಖಾಲಿಯಾಗುವ ಹೊತ್ತಿಗೆ ಗಣೇಶನ ಕರ್ಜಿಕಾಯಿ ಬರುತ್ತದೆ, ಅದು ತಳ ಕಾಣುವಷ್ಟರಲ್ಲಿ ಗೊಂಬೆ ಆರತಿಗೆ ಅಂತ ಮಾಡಿದ ತಿಂಡಿ, ಆಯುಧಪೂಜೆಗೆ ಆಫೀಸಿನಲ್ಲಿ ಕೊಟ್ಟ ಸ್ವೀಟ್ ಬಾಕ್ಸು, ಅದರ ಹಿಂದೆಯೇ ದೀಪಾವಳಿ. ಸಂಜೆ ಕಾಫಿ ಜೊತೆ ಒಂದು ಉಂಡೆ, ಒಂದು ಚಕ್ಕುಲಿ. ಹೆಚ್ಚುಕಡಿಮೆ 200 ಕ್ಯಾಲೊರಿ. ದಿನಾ ಹೀಗೇ ನಡೆದರೆ 75 ದಿನಕ್ಕೆ 15,000. ಕಾಗದದ ಮೇಲೆ ಎರಡು ಕೇಜಿ ಹತ್ತಿರ. ದೇಹ ಇಷ್ಟು ನೇರವಾಗಿ ಲೆಕ್ಕ ಹಾಕುವುದಿಲ್ಲ, ನಿಜ. ಅರ್ಧ ಅಂತ ಹಿಡಿದರೂ ಒಂದು ಕೇಜಿ ಆಯಿತು ಅಲ್ವಾ?

ಒಂದು ಕೇಜಿ ತಾನೇ ಅನ್ನಿಸಬಹುದು. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸ ವರ್ಷದ ತನಕ ಇದೇ ಥರ ಹಬ್ಬದ ಕಾಲ. ಅಲ್ಲಿನ ಜನರ ತೂಕ ನೋಡುತ್ತಾ ಹೋಗಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಕಾಲದಲ್ಲಿ ಏರಿದ್ದು ಸರಾಸರಿ ಅರ್ಧ ಕೇಜಿಯೂ ಇರಲಿಲ್ಲ. ಆದರೆ ಮುಂದಿನ ತಿಂಗಳುಗಳಲ್ಲಿ ಅದು ಇಳಿಯಲೂ ಇಲ್ಲ. ಭಯ ಇರಬೇಕಾದ್ದು ಇಲ್ಲೇ. ವರ್ಷ ವರ್ಷ ಅಷ್ಟಷ್ಟೇ ಸೇರಿ 45 ವಯಸ್ಸಿಗೆ ಹೊಟ್ಟೆ ಬಂದಿರುತ್ತದೆ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಅಂತ ಲೆಕ್ಕ. 2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಜಾಸ್ತಿ.

ಎಲೆಯ ವಿಚಾರಕ್ಕೆ ಬರೋಣ. ತೂಕದ ಮಾತು ಬಂದ ಕೂಡಲೇ ಎಲ್ಲರೂ ಒಬ್ಬಟ್ಟನ್ನು ಬೈಯುತ್ತಾರೆ, ಅನ್ನ ಎಷ್ಟು ಸಲ ಬಂತು ಅಂತ ಯಾರೂ ಎಣಿಸುವುದಿಲ್ಲ. ಚಿತ್ರಾನ್ನ, ಆಮೇಲೆ ಅನ್ನ ತೊವ್ವೆ, ಅನ್ನ ಸಾರು, ಅನ್ನ ಹುಳಿ, ಕೊನೆಗೆ ಮೊಸರನ್ನ. ಒಬ್ಬಟ್ಟು ಇರುವ ದಿನ ಇದರಲ್ಲಿ ಎರಡು ಸಲದ ಅನ್ನ ಬಿಡಿ. ಇಷ್ಟೇ ಸಾಕು. ಮತ್ತೆ, ಊಟ ಶುರು ಮಾಡುವಾಗ ಕೋಸಂಬರಿ, ಪಲ್ಯ ಮೊದಲು ಪೂರ್ತಿ ಖಾಲಿ ಮಾಡಿ. ಇನ್ನೊಂದು ಸಲ ಕೇಳಿ ಹಾಕಿಸಿಕೊಳ್ಳಿ. ಹೆಸರುಬೇಳೆ, ಸೌತೆಕಾಯಿ, ಹುರುಳಿಕಾಯಿ ಮೊದಲು ಹೊಟ್ಟೆಗೆ ಹೋಗಿ ಅನ್ನ, ಸಿಹಿ ಆಮೇಲೆ ಹೋದರೆ ರಕ್ತದ ಸಕ್ಕರೆ ಏರೋದು ನಿಧಾನ.

ಬೆಲ್ಲದ್ದು, ಏನೂ ಆಗಲ್ಲ ಅನ್ನುತ್ತಾರಲ್ಲ, ಅದು ತಪ್ಪು. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ 380. ರುಚಿಗೆ ಬೆಲ್ಲ ಹಾಕಿ, ಖಂಡಿತ. ಎರಡು ಒಬ್ಬಟ್ಟು ಜಾಸ್ತಿ ತಿನ್ನೋದಕ್ಕೆ ಅದನ್ನು ನೆಪ ಮಾಡಬೇಡಿ.

ನನಗೆ ತುಂಬಾ ಸಂಕಟ ಆಗುವುದು ಮನೆಯ ಹೆಂಗಸರನ್ನು ನೋಡಿದಾಗ. ಬೆಳಗಿನ ಜಾವ ಎದ್ದು, ತಲೆಗೆ ನೀರು ಹಾಕಿಕೊಂಡು, ಹೂರಣ ರುಬ್ಬಿ, ಕಣಕ ನಾದಿ, ನೈವೇದ್ಯಕ್ಕೆ ಮುಂಚೆ ಉಪ್ಪು ಕೂಡ ನೋಡದೆ ಬರೀ ಎರಡು ಲೋಟ ಕಾಫಿ ಮೇಲೆ ಇದ್ದು, ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ಕೂರುತ್ತಾರೆ. ಆಗ ಹಸಿವು ಕೆರಳಿರುತ್ತದೆ. ಗಬಗಬ ಅಂತ ಉಂಡು, ಮಿಕ್ಕಿದ್ದು ಹಾಳಾಗುತ್ತಲ್ಲ ಅಂತ ಪಾತ್ರೆ ತಳದಲ್ಲಿ ಇರೋದನ್ನೂ ತಿನ್ನುತ್ತಾರೆ. ಅಮ್ಮಂದಿರೇ, ಬೆಳಗ್ಗೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು ತಗೊಳ್ಳಿ. ಎಷ್ಟೋ ಮನೆಗಳಲ್ಲಿ ವ್ರತ ಇರುವವರೂ ತಗೊಳ್ಳುತ್ತಾರೆ. ಗಂಡಸರು, ಮಕ್ಕಳು ಬಡಿಸಲಿ, ನೀವು ಮೊದಲ ಪಂಕ್ತಿಯಲ್ಲೇ ಕೂತು ಉಣ್ಣಿ.

ಬಡಿಸುವವರಿಗೂ ಒಂದು ಮಾತು. ಉಪಚಾರ ಇರಲಿ, ಒಂದು ಸಲ ಕೇಳಿ. ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದವರಿಗೆ "ಅಯ್ಯೋ, ಇದೊಂದೇ" ಅಂತ ಸುಮ್ನೆ ಹಾಕಬೇಡಿ.

ಇನ್ನು ಡಬ್ಬಕ್ಕೆ ಏನು ಮಾಡೋದು? ಕಮ್ಮಿ ಮಾಡಿ. ಒಂದು ಸೇರು ಅಕ್ಕಿಹಿಟ್ಟಿನ ಬದಲು ಅರ್ಧ ಸೇರು. ಅರಿಶಿನ-ಕುಂಕುಮಕ್ಕೆ ಬಂದವರಿಗೆ ಅವತ್ತೇ ಕಟ್ಟಿ ಕೊಡಿ. ಆಫೀಸಿನ ಸ್ವೀಟ್ ಬಾಕ್ಸು ಮನೆಗೆ ಬರುವ ಮುಂಚೆಯೇ ನಾಲ್ಕು ಜನಕ್ಕೆ ಹಂಚಿಹೋಗಲಿ. ಉಳಿದದ್ದನ್ನು ಮೇಲಿನ ಅಟ್ಟಣಿಗೆಯಲ್ಲಿ ಸ್ಟೀಲ್ ಡಬ್ಬದಲ್ಲಿ ಇಡಿ, ಗಾಜಿನ ಜಾಡಿ ಬೇಡ, ಕಣ್ಣಿಗೆ ಬಿದ್ದರೆ ಕೈ ಹೋಗುತ್ತದೆ. ಗಣೇಶನಿಗೆ ಹಬೆಯಲ್ಲಿ ಬೇಯಿಸಿದ ಕಡುಬು ಮಾಡಿ. ನವರಾತ್ರಿಯಲ್ಲಿ ಕಡಲೆಕಾಳು, ಹೆಸರುಕಾಳಿನ ಉಸಲಿ ಮಾಡಿ, ಸಂಜೆ ತಿಂಡಿಗೆ ಅದಕ್ಕಿಂತ ಒಳ್ಳೇದು ಹುಡುಕಿದರೂ ಸಿಗುವುದಿಲ್ಲ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಎದ್ದ ಮೇಲೆ ತೂಕ ನೋಡಿ ಬರೆದಿಡಿ. ಊಟ ಆದ ಕೂಡಲೇ ಮಲಗಬೇಡಿ, ಹದಿನೈದು ನಿಮಿಷ ನಡೆಯಿರಿ. ಹಿಂದೆ ಮಕ್ಕಳು ನೂರೊಂದು ಗಣಪತಿ ನೋಡಬೇಕು ಅಂತ ಬೀದಿ ಬೀದಿ ಸುತ್ತುತ್ತಿದ್ದರು. ಈ ಸಲ ಮೊಮ್ಮಕ್ಕಳ ಕೈ ಹಿಡಿದು ನೀವೂ ಹೋಗಿ, ಕಾರು ಮನೆಯಲ್ಲೇ ಇರಲಿ.

ಕೊನೆಯದಾಗಿ, ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಗಮನ ಕೊಟ್ಟು ಕೇಳಿ. ಉಪವಾಸ ಮಾಡೋದಿದ್ದರೆ ಹಬ್ಬಕ್ಕೆ ಒಂದು ವಾರ ಮುಂಚೆಯೇ ನಿಮ್ಮ ಡಾಕ್ಟರನ್ನು ಕೇಳಿ. ಇವತ್ತು ಸಿಹಿ ಜಾಸ್ತಿ ಅಂತ ನೀವೇ ಮಾತ್ರೆ ಹೆಚ್ಚಿಸಬೇಡಿ, ಊಟ ಇಲ್ಲ ಅಂತ ನೀವೇ ಬಿಡಲೂ ಬೇಡಿ. ಪೂಜೆ ಮಧ್ಯೆ ಕೈ ನಡುಗಿ, ಮೈ ಬೆವತು, ಕಣ್ಣು ಕತ್ತಲೆ ಬಂದ ಹಾಗಾದರೆ ಮಂಗಳಾರತಿ ಆಗಲಿ ಅಂತ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ತಕ್ಷಣ ಕುಡಿಯಿರಿ, ಕಾಲು ಗಂಟೆ ಬಿಟ್ಟು ಸಕ್ಕರೆ ಮಟ್ಟ ನೋಡಿಕೊಳ್ಳಿ, ಇನ್ನೂ ಕಮ್ಮಿ ಇದ್ದರೆ ಮತ್ತೆ ಕುಡಿಯಿರಿ. ಇದನ್ನು ಮನೆಯಲ್ಲಿ ಇನ್ನೊಬ್ಬರಿಗೂ ಇವತ್ತೇ ಹೇಳಿಡಿ.