ಒಂದೇ ಹೆಸರಿನ ಎರಡು ಒನ್‌ಡ್ರೈವ್: ನಿಮ್ಮ ಫೈಲ್ ಯಾವುದರಲ್ಲಿದೆ?

[ದೃಶ್ಯ: ದಾಲ್‌ಮಿಲ್ ಆಫೀಸು. ಟೇಬಲ್ ಮೇಲೆ ತೊಗರಿಬೇಳೆ ಸ್ಯಾಂಪಲ್, ಪಕ್ಕದಲ್ಲಿ ಕಂಪ್ಯೂಟರ್]

ನಮಸ್ಕಾರ. ಇದು ಕಲಬುರಗಿಯ ಒಂದು ದಾಲ್‌ಮಿಲ್ ಅಂದುಕೊಳ್ಳಿ. ಲೆಕ್ಕ ನೋಡುವ ಅಕ್ಕ ಹೇಳುತ್ತಾರೆ, "ಸರ್, ಬಿಲ್ ಒನ್‌ಡ್ರೈವ್‌ನ್ಯಾಗ ಇಟ್ಟೀನ್ರಿ." ಮಾಲೀಕರು ಹುಡುಕಿ ಹುಡುಕಿ, "ನನಗ ಕಾಣವಲ್ದಲ್ರೀ ಮೇಡಂ" ಅನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ನಿಜವೇ!

[ದೃಶ್ಯ: ಲಾಗಿನ್ ಪರದೆ, ಹತ್ತಿರದಿಂದ]

ಒನ್‌ಡ್ರೈವ್ ಅಂದರೆ ನಮ್ಮ ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಇಡಲು ಮೈಕ್ರೋಸಾಫ್ಟ್ ಕೊಡುವ ಜಾಗ. ಮೈಕ್ರೋಸಾಫ್ಟ್‌ನಲ್ಲಿ ಅಕೌಂಟ್ ಎರಡು ಥರ. ನಾವೇ ಮಾಡಿಕೊಂಡ ಸ್ವಂತದ್ದು ಒಂದು, ಕಂಪನಿ ಕೊಟ್ಟದ್ದು ಇನ್ನೊಂದು. ಎರಡಕ್ಕೂ ಒನ್‌ಡ್ರೈವ್ ಸಿಗುತ್ತದೆ. ಹೆಸರು ಒಂದೇ, ಜಾಗ ಬೇರೆ ಬೇರೆ. ಒಂದರಲ್ಲಿ ಇಟ್ಟದ್ದು ಇನ್ನೊಂದರಲ್ಲಿ ಕಾಣುವುದಿಲ್ಲ.

ಕೆಲವರ ಪಾಡು ಇನ್ನೂ ಕಷ್ಟ. ಕಂಪನಿಯ ಇಮೇಲ್ ವಿಳಾಸದಿಂದಲೇ ಹಿಂದೊಮ್ಮೆ ಸ್ವಂತ ಅಕೌಂಟ್ ಕೂಡ ತೆರೆದಿರುತ್ತಾರೆ. ಹಾಗೆ ಹೊಸದಾಗಿ ತೆರೆಯುವುದನ್ನು ಮೈಕ್ರೋಸಾಫ್ಟ್ 2016ರಲ್ಲಿ ತಡೆಯಿತು, ಆದರೆ ಅಷ್ಟರೊಳಗೆ ತೆರೆದವು ಉಳಿದುಕೊಂಡವು. ಅಂಥವರು ಲಾಗಿನ್ ಆಗಲು ಹೋದರೆ "ವರ್ಕ್ ಆರ್ ಸ್ಕೂಲ್ ಅಕೌಂಟ್", "ಪರ್ಸನಲ್ ಅಕೌಂಟ್" ಅಂತ ಎರಡು ಆಯ್ಕೆ ಬರುತ್ತವೆ. ಇಮೇಲ್ ಮಾತ್ರ ಎರಡಕ್ಕೂ ಅದೇ. ಯಾವುದನ್ನು ಒತ್ತಬೇಕು ಹೇಳಿ?

ಮೈಕ್ರೋಸಾಫ್ಟ್‌ನ ಇಮೇಲ್ ಆ್ಯಪ್ ಔಟ್‌ಲುಕ್‌ನದ್ದೂ ಇದೇ ಪಾಡು, ಕ್ಲಾಸಿಕ್ ಒಂದು, ನ್ಯೂ ಒಂದು. ಗೂಗಲ್ 2022ರಲ್ಲಿ ತನ್ನ ವಿಡಿಯೋ ಕಾಲ್ ಆ್ಯಪ್ ಡ್ಯುಯೋಗೆ ಮೀಟ್ ಅಂತ ಹೆಸರಿಟ್ಟಾಗ, ಮೊದಲೇ ಮೀಟ್ ಇದ್ದ ಫೋನುಗಳಲ್ಲಿ ಎರಡು ಮೀಟ್ ಆದವು. 2025ರಲ್ಲಂತೂ ಹಳೆಯ ಆಫೀಸ್ ಆ್ಯಪ್ "ಮೈಕ್ರೋಸಾಫ್ಟ್ 365 ಕೋಪೈಲಟ್" ಆಯಿತು. ಆಫೀಸ್ ಅಂತ ಹುಡುಕುವವರು ಅದನ್ನು ಹೇಗೆ ಗುರುತಿಸಬೇಕು?

ಇಷ್ಟಾದರೂ ಕೊನೆಗೆ ಬೈಗುಳ ಬೀಳುವುದು ಆ ಅಕ್ಕನಿಗೇ, "ನಿಮಗೆ ಕಂಪ್ಯೂಟರ್ ಬರಲ್ಲ" ಅಂತ. ಇದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಅವರಿಗೆ ಕಂಪ್ಯೂಟರ್ ಚೆನ್ನಾಗಿಯೇ ಬರುತ್ತದೆ. ಗೊಂದಲ ಇರುವುದು ಹೆಸರಿನಲ್ಲಿ.

[ದೃಶ್ಯ: ವಿಂಡೋಸ್ ಪರದೆಯ ಕೆಳಗಿನ ಬಲಮೂಲೆ]

ಈಗ ಗಡಿಯಾರದ ಪಕ್ಕ ಒನ್‌ಡ್ರೈವ್‌ನ ಮೋಡದ ಗುರುತು ನೋಡಿ. ಕಾಣದಿದ್ದರೆ ಅಲ್ಲಿರುವ ಸಣ್ಣ ಬಾಣ ಒತ್ತಿ. ನೀಲಿ ಮೋಡ ಕಂಪನಿಯದ್ದು. ಬಿಳಿ ಅಥವಾ ಬೂದು ಮೋಡ ಸ್ವಂತದ್ದು. ಫೈಲ್ ಎಕ್ಸ್‌ಪ್ಲೋರರ್‌ನಲ್ಲೂ ಒನ್‌ಡ್ರೈವ್ ಪಕ್ಕ "ಪರ್ಸನಲ್" ಅಂತಲೋ ಕಂಪನಿ ಹೆಸರೋ ಇರುತ್ತದೆ.

ಮಾಲೀಕರೇ, ಐಟಿ ನೋಡಿಕೊಳ್ಳುವವರೇ, ಸುಮ್ನೆ "ಒನ್‌ಡ್ರೈವ್‌ನಲ್ಲಿ ಹಾಕಿ" ಅನ್ನಬೇಡಿ. "ನೀಲಿ ಮೋಡ, ನಮ್ಮ ಮಿಲ್ ಹೆಸರಿರೋ ಫೋಲ್ಡರ್" ಅನ್ನಿ. ಚೀಟಿ ಬರೆದು ಮಾನಿಟರ್‌ಗೆ ಅಂಟಿಸಿದರೆ ನಾಳೆ ಹೊಸದಾಗಿ ಸೇರುವವರಿಗೂ ಆಯಿತು.