ಕಪ್ಪು ಟೀ-ಶರ್ಟ್‌ನ ಉಪ್ಪು ಎಲ್ಲಿಗೆ ಹೋಯಿತು?

[ತೆರೆಯ ಮೇಲೆ: ಶಾಪಿಂಗ್ ಆ್ಯಪ್, ಸಾಲು ಸಾಲು ಟೀ-ಶರ್ಟ್, 199 ರೂಪಾಯಿ]

ನಮಸ್ಕಾರ. 199 ರೂಪಾಯಿಗೆ ಕಪ್ಪು ಟೀ-ಶರ್ಟ್ ಸಿಗುತ್ತೆ ಅಂದ್ರೆ ಯಾರಿಗೆ ಬೇಡ? ಫಾಸ್ಟ್ ಫ್ಯಾಷನ್ ನಡೆಯುವುದೇ ಹೀಗೆ. ವಾರವಾರ ಹೊಸ ಡಿಸೈನ್ ಬರಬೇಕು, ಅಗ್ಗವಾಗಿರಬೇಕು, ನಾಲ್ಕು ಸಲ ಹಾಕಿ ಬಿಸಾಡಿದರೂ ಬೇಜಾರಾಗಬಾರದು.

ಇದರಿಂದ ಪರಿಸರಕ್ಕೆ ಏನಾಗುತ್ತದೆ ಅಂದಕೂಡಲೇ ಎಲ್ಲರೂ ಕಸದ ರಾಶಿ ತೋರಿಸುತ್ತಾರೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಸುರಿದ ಹಳೇ ಬಟ್ಟೆಗಳ ಫೋಟೋ ನೀವೂ ನೋಡಿರುತ್ತೀರಿ. ಆದರೆ ಬಟ್ಟೆ ಅಂಗಡಿಗೆ ಬರುವ ಮುಂಚೆಯೇ, ಬಣ್ಣ ಹಾಕುವಾಗಲೇ, ಒಂದು ದೊಡ್ಡ ಹಾನಿ ಆಗಿರುತ್ತದೆ. ಅದನ್ನು ನೋಡಲು ತಮಿಳುನಾಡಿನ ತಿರುಪ್ಪೂರಿಗೆ ಹೋದರೆ ಸಾಕು.

[ನಕ್ಷೆ: ವೆಳ್ಳಿಯಂಗಿರಿ ಬೆಟ್ಟದಿಂದ ಕರೂರಿನವರೆಗೆ ನೊಯ್ಯಲ್ ನದಿ]

ಬನಿಯನ್, ಟೀ-ಶರ್ಟ್‌ಗಳಿಗೆ ಹೆಸರಾದ ಊರು ಇದು. ಇಲ್ಲಿ ಹರಿಯುವ ನೊಯ್ಯಲ್ ನದಿ ಕೊಯಮತ್ತೂರಿನ ಪಕ್ಕದ ಬೆಟ್ಟದಲ್ಲಿ ಹುಟ್ಟುತ್ತದೆ. ನಮ್ಮ ತಲಕಾವೇರಿಯಿಂದ ಬರುವ ಕಾವೇರಿಯನ್ನು ಕರೂರು ಜಿಲ್ಲೆಯಲ್ಲಿ ಸೇರುತ್ತದೆ.

ಈಗ ಡೈಯಿಂಗ್ ಯೂನಿಟ್, ಅಂದರೆ ಬಟ್ಟೆಗೆ ಬಣ್ಣ ಹಾಕುವ ಘಟಕದ ಒಳಗೆ ಬನ್ನಿ.

[ಅನಿಮೇಷನ್: ನೂಲಿನ ಎಳೆ, ಸುತ್ತ ಬಣ್ಣದ ಕಣಗಳು]

ಹತ್ತಿ ಬಟ್ಟೆ ನೀರಲ್ಲಿ ನೆನೆದಾಗ ಅದಕ್ಕೆ ಮೈನಸ್ ಚಾರ್ಜ್ ಇರುತ್ತದೆ. ಬಣ್ಣಕ್ಕೂ ಮೈನಸ್. ಒಂದನ್ನೊಂದು ದೂರ ತಳ್ಳುತ್ತವೆ. ಆ ತಳ್ಳಾಟ ತಗ್ಗಿಸಿ ಬಣ್ಣವನ್ನು ಬಟ್ಟೆಯ ಹತ್ತಿರ ತರಲು ಉಪ್ಪು ಸುರಿಯುತ್ತಾರೆ. ಆಮೇಲೆ ವಾಷಿಂಗ್ ಸೋಡಾ ಹಾಕಿದರೆ ಬಣ್ಣ ಗಟ್ಟಿಯಾಗಿ ಕೂರುತ್ತದೆ. ಕಪ್ಪಿನಂಥ ಗಾಢ ಬಣ್ಣಕ್ಕೆ ಒಂದು ಲೀಟರ್ ನೀರಿಗೆ 60ರಿಂದ 80 ಗ್ರಾಂ ಉಪ್ಪು ಬೇಕಾಗುತ್ತದೆ. ಸಮುದ್ರದ ನೀರಲ್ಲಿ ಇರುವುದೇ ಲೀಟರಿಗೆ ಸುಮಾರು 35 ಗ್ರಾಂ! ಈ ಉಪ್ಪು ಬಟ್ಟೆಯಲ್ಲಿ ಉಳಿಯುವುದಿಲ್ಲ. ಕೆಲಸ ಮುಗಿದ ಮೇಲೆ, ಬಟ್ಟೆಗೆ ಹಿಡಿಯದ ಬಣ್ಣದ ಜೊತೆ ಪೂರ್ತಿ ಹೊರಗೆ ಬರುತ್ತದೆ. ಶೇಡ್ ಸರಿಯಾಗಿ ಮ್ಯಾಚ್ ಆಗಲಿಲ್ಲ ಅಂದರೆ ಮತ್ತೆ ಡೈ. ಮತ್ತೆ ನೀರು, ಮತ್ತೆ ಉಪ್ಪು.

ವರ್ಷಗಟ್ಟಲೆ ಆ ನೀರು ನೊಯ್ಯಲ್ ಸೇರಿತು. ಮಧ್ಯೆ ಶುದ್ಧೀಕರಣ ಘಟಕಗಳೂ ಬಂದವು. ಅವು ಸುಣ್ಣ ಮತ್ತಿತರ ಕೆಮಿಕಲ್ ಹಾಕಿ ಬಣ್ಣವನ್ನು ತಳಕ್ಕೆ ಇಳಿಸುತ್ತಿದ್ದವು. ನೀರು ನೋಡಲು ಪರವಾಗಿಲ್ಲ ಅನಿಸುತ್ತಿತ್ತು, ಆದರೆ ಕರಗಿದ ಉಪ್ಪು ಹಾಗೇ ಇತ್ತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಹೆಚ್ಚು ಮೋಸದ ಭಾಗ ಇದೇ. ಕಣ್ಣಿಗೆ ಕಾಣುವ ಕೊಳೆಗೆ ಜನ ಗಲಾಟೆಯನ್ನಾದರೂ ಮಾಡುತ್ತಾರೆ.

[ದೃಶ್ಯ: ಒರತ್ತುಪಾಳಯಂ ಅಣೆಕಟ್ಟು]

ಕೆಳಗಿನ ಹೊಲಗಳಿಗೆ ನೀರು ಕೊಡಲು 1990ರ ದಶಕದ ಆರಂಭದಲ್ಲಿ ಒರತ್ತುಪಾಳಯಂನಲ್ಲಿ ನೊಯ್ಯಲ್‌ಗೆ ಅಣೆಕಟ್ಟು ಕಟ್ಟಿದರು. ಅದರಲ್ಲಿ ನಿಂತಿದ್ದು ಡೈಯಿಂಗ್ ನೀರು. ಮಣ್ಣಿಗೆ ಉಪ್ಪು ಸೇರಿದರೆ ಹೊಲ ಒದ್ದೆಯಿದ್ದರೂ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಬೆಳೆ ಒಣಗುತ್ತದೆ. ಸುತ್ತಲಿನ ಬಾವಿಗಳೂ ಕೆಟ್ಟವು. ತಮಗೆಂದೇ ಕಟ್ಟಿದ ಅಣೆಕಟ್ಟಿನ ನೀರೇ ಬೇಡ ಅನ್ನುವ ಸ್ಥಿತಿ ರೈತರಿಗೆ ಬಂತು. ಕೊನೆಗೆ ಕೋರ್ಟ್ ಮೆಟ್ಟಿಲು ಹತ್ತಿದರು.

2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ ಯೂನಿಟ್‌ಗಳನ್ನು ಮುಚ್ಚಿಸಿತು. 700ಕ್ಕೂ ಹೆಚ್ಚು ಯೂನಿಟ್‌ಗಳು! ಎಷ್ಟೋ ಕಾರ್ಮಿಕರ ಕೆಲಸ ಹೋಯಿತು. ಮತ್ತೆ ತೆರೆಯಬೇಕಾದರೆ ಕೊಳೆ ನೀರನ್ನು ಒಂದು ಹನಿಯೂ ಹೊರಗೆ ಬಿಡಬಾರದು ಅನ್ನೋದು ಷರತ್ತು. ಈಗ ಅಲ್ಲಿ ನೀರನ್ನು ಆರ್‌ಓದಲ್ಲಿ ಸೋಸುತ್ತಾರೆ. ಉಳಿದ ಉಪ್ಪು ನೀರನ್ನು ಕಾಯಿಸಿ ಆವಿ ಮಾಡಿ, ನೀರನ್ನೂ ಒಂದಷ್ಟು ಉಪ್ಪನ್ನೂ ಮತ್ತೆ ಬಳಸುತ್ತಾರೆ. ನಿಜಕ್ಕೂ ದೊಡ್ಡ ಕೆಲಸ, ಮೆಚ್ಚಬೇಕು. ಆದರೆ ಕಾಯಿಸಲು ಇಂಧನ ಬೇಕು, ಕರೆಂಟ್ ಬೇಕು. ಮತ್ತೆ ಬಳಸಲಾಗದ ಕಲಬೆರಕೆ ಉಪ್ಪು ಕೊನೆಗೂ ಉಳಿಯುತ್ತದೆ.

ಈ ಖರ್ಚು ಯಾರು ಕೊಡಬೇಕು? ಖರೀದಿಸುವ ಬ್ರ್ಯಾಂಡ್ ಪೈಸೆ ಪೈಸೆಗೂ ಚೌಕಾಸಿ ಮಾಡುತ್ತದೆ. ನೀರು ಶುದ್ಧ ಮಾಡುವ ಯೂನಿಟ್‌ಗೆ ಖರ್ಚು ಜಾಸ್ತಿ. ಸುಮ್ನೆ ಚರಂಡಿಗೆ ಬಿಡುವವನ ರೇಟ್ ಕಮ್ಮಿ. ಆರ್ಡರ್ ಯಾರಿಗೆ ಹೋಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಒಂದು ಊರಲ್ಲಿ ಕಾನೂನು ಬಿಗಿಯಾದರೆ ಬಣ್ಣದ ಕೆಲಸ ಇನ್ನೊಂದು ಊರಿಗೆ, ಇನ್ನೊಂದು ನದಿಗೆ ಹೋಗುತ್ತದೆ.

[ತೆರೆಯ ಮೇಲೆ: ಟೀ-ಶರ್ಟ್ ಕಾಲರ್‌ನ ಲೇಬಲ್, ಹತ್ತಿರದಿಂದ]

ಲೇಬಲ್‌ನಲ್ಲಿ ದೇಶದ ಹೆಸರು ಇರುತ್ತದೆ, ಹೇಗೆ ಒಗೆಯಬೇಕು ಅಂತ ಇರುತ್ತದೆ. ಬಣ್ಣ ಹಾಕಿದ್ದು ಎಲ್ಲಿ ಅಂತ ಇರುವುದಿಲ್ಲ. ಕೆಲವು ದೊಡ್ಡ ಬ್ರ್ಯಾಂಡ್‌ಗಳು ತಮ್ಮ ಫ್ಯಾಕ್ಟರಿಗಳ ಪಟ್ಟಿ ಪ್ರಕಟಿಸುತ್ತವೆ. ಅದರಲ್ಲಿ ಹೊಲಿಯುವ ಫ್ಯಾಕ್ಟರಿ ಸುಲಭವಾಗಿ ಸಿಗುತ್ತದೆ, ಡೈಯಿಂಗ್ ಯೂನಿಟ್ ಸಿಗುವುದು ಕಮ್ಮಿ. ನೀವು ಹೆಚ್ಚು ಕೊಳ್ಳುವ ಬ್ರ್ಯಾಂಡ್‌ನ ವೆಬ್‌ಸೈಟ್ ಇವತ್ತೇ ತೆರೆದು ನೋಡಿ. ಡೈಯಿಂಗ್ ಯೂನಿಟ್ ಹೆಸರು ಇಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಬರೆದು ಕೇಳಿ: ಇದಕ್ಕೆ ಬಣ್ಣ ಹಾಕಿದ್ದು ಯಾವ ಊರಲ್ಲಿ, ಆ ನೀರನ್ನು ಏನು ಮಾಡಿದಿರಿ? ಬಂದ ಉತ್ತರವನ್ನು ಕಾಮೆಂಟ್‌ನಲ್ಲಿ ಹಾಕಿ.